ಚಿತ್ರಕಾರ ಎಸ್. ಎಮ್. ಪಂಡಿತರು

ತಮ್ಮ ಊರಿನಲ್ಲಿ ಹುಟ್ಟಿ ದೇಶದಲ್ಲೆಲ್ಲಾ ಕೀರ್ತಿಹೊಂದಿದವರ ಚರಿತ್ರೆಯನ್ನು ಊರಿನವರೇ ಅರಿಯದಿರುವುದು ತರವಲ್ಲ. ಆದಕಾರಣ ಕಲಬುರಗಿಯ ಚಿತ್ರಕಾರರಾದ ಸಾಂಬಾನಂದ ಮೋನಪ್ಪ ಪಂಡಿತರ ಜೀವಿತವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಪಂಡಿತರು ೧೯೧೬ನೆಯ ಇಸವಿ ಮಾರ್ಚಿ ೨೫ರಂದು ಕಲಬುರಗಿಯಲ್ಲಿ ಜನಿಸಿದರು. ಆಗ ಈ ಪ್ರಾಂತವು ನಿಜಾಮರ ಆಳಿಕೆಗೆ ಒಳಪಟ್ಟಿತ್ತು. ಊರಿನ ಚಿತ್ರೋಪಾಧ್ಯಾಯರಾದ ಶಂಕರರಾವ್ ಆಳಂದಕರರೇ ಇವರ ಮೊದಲ ಗುರುಗಳು. ತರುವಾಯ ಇವರು ಮದ್ರಾಸಿನ ಕಲಾಶಾಲೆಯಲ್ಲಿಯೂ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ವ್ಯಾಸಂಗಮಾಡಿದರು.

ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನ ಬೂಗರೋ (೧೮೨೫–೧೯೦೫) ಮೊದಲಾದ ಫ್ರೆಂಚ್ ಚಿತ್ರಕಾರರು ಒಂದು ಕಠಿಣವಾದ ಶಿಕ್ಷಣಕ್ರಮವನ್ನು ಎತ್ತಿಹಿಡಿದಿದ್ದರು. ವಿದ್ಯಾರ್ಥಿಯು ಮೊದಲು ಗಾರೆಯ ವಿಗ್ರಹಗಳನ್ನು ನೋಡಿ ಬರೆಯಬೇಕು. ಅದು ಕೈಗೂಡಿದ ಬಳಿಕ ಜೀವಂತ ಮನುಷ್ಯನನ್ನು ನೋಡಿ ಬರೆಯಬೇಕು. ಕಟ್ಟಕಡೆಗೆ ಪುರಾಣದ ಸಂಗತಿಗಳಿಗೆ ರೂಪಕೊಡಬೇಕು. ಇಂಥದೇ ಪಾಶ್ಚಾತ್ಯ ಪದ್ಧತಿಯು ಆಂಗ್ಲರ ಮೂಲಕ, ೧೮೫೭ರಲ್ಲಿ ಆರಂಭವಾದ ಮುಂಬಯಿಯ ಶಾಲೆಗೂ ಬಂದಿತು. ಪಂಡಿತರ ದೇವದೇವಿಯರ ಮೈಕಟ್ಟು, ಉಡಿಗೆಯ ನೆರಿಗೆ, ನೆರಳುಬೆಳಕು ಇವೆಲ್ಲವೂ ಆ ಅಭ್ಯಾಸದ ಫಲವೇ.

ಜೀವನೋಪಾಯಕ್ಕಾಗಿ ಇವರು ಚಲಚ್ಚಿತ್ರಗಳ ಜಾಹೀರಾತುಗಳನ್ನು ಬರೆದರು. ಮುಂಬಯಿಯ ಮೆಟ್ರೋ ಚಿತ್ರಮಂದಿರಕ್ಕೂ ಫಿಲ್ಮ್ ಇಂಡಿಯಾ ಪತ್ರಿಕೆಗೂ ಇವರ ಕುಂಚವು ದುಡಿಯಿತು. ೧೯೪೯ರ ಬರ್ಸಾತ್ ಚಿತ್ರದ ಭಿತ್ತಿಪತ್ರವು ಪ್ರಸಿದ್ಧವಾದುದು. ಕ್ಯಾಲೆಂಡರುಗಳ ಮೂಲಕ ಇವರ ಪೌರಾಣಿಕ ಚಿತ್ರಗಳು ಬಡವರ ಗೋಡೆಗಳನ್ನೂ ಸೇರಿದವು. ಇಂಥ ಕೆಲಸವು ಪೇಟೆಯ ಸರಕೇ ಹೊರತು ಕಲೆಯಲ್ಲವೆಂದು ಹಳಿಯುವವರುಂಟು. ಆದರೆ ಚಿತ್ರಶಾಲೆಯ ಮೆಟ್ಟಿಲು ಹತ್ತದವರಿಗೂ ಒಳ್ಳೆಯ ಚಿತ್ರವೊಂದು ದೊರಕುವುದು ಅಲ್ಪಲಾಭವೆಂದು ನಾವು ಎಣಿಸಲಾರೆವು. ಚಿತ್ರಕ್ಕೆ ಕೈಮುಗಿದವರಲ್ಲಿ ಬರೆದವನ ಹೆಸರನ್ನು ಕೇಳಿದವರು ಎಷ್ಟು ಮಂದಿ?

ಮುಂಬಯಿಯ ಸಂಪಾದನೆ ದೊಡ್ಡದಾಗಿದ್ದರೂ ೧೯೬೦ರ ದಶಕದಲ್ಲಿ ಪಂಡಿತರು ಹುಟ್ಟೂರಿಗೆ ಹಿಂದಿರುಗಿ ಇಲ್ಲಿಯೇ ಕಲಾಸೇವೆಯನ್ನು ಮುಂದುವರಿಸಿದರು. ಕನ್ಯಾಕುಮಾರಿಗಾಗಿ ಇವರು ಬರೆದ ವಿವೇಕಾನಂದರ ಚಿತ್ರವು ಬಹುಜನರ ಮೆಚ್ಚುಗೆಯನ್ನು ಪಡೆಯಿತು. ೧೯೯೩ರಲ್ಲಿ ಇವರು ಕಾಲವಾದರು.

ಪಾಲಕರೇ, ಪ್ಯಾರಿಸಿನ ಸರಕಾರಿ ಕಲಾಶಾಲೆಯು ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ೧೮೯೭ರಲ್ಲಿ. ಅಷ್ಟರವರೆಗೆ ಎಷ್ಟು ಕೈಗಳು ವ್ಯರ್ಥವಾದವೋ! ಕಲಬುರಗಿಯ ಪೇಟೆಯಲ್ಲಾಗಲಿ ಕಮಲಾಪುರದ ಕೃಷಿಕರ ಮನೆಯಲ್ಲಾಗಲಿ ಹುಡುಗಿಯೊಬ್ಬಳು ಲೆಕ್ಕದ ಪುಸ್ತಕದ ಅಂಚಿನಲ್ಲಿ ಚಿತ್ರ ಬರೆದರೆ, ಗದರಿಸುವ ಮುನ್ನ ಅದನ್ನೊಮ್ಮೆ ಕಣ್ಣಿಟ್ಟು ನೋಡಿರಿ. ಆಳಂದಕರರು ತಮ್ಮ ಶಿಷ್ಯನಿಗೆ ದಾರಿ ತೋರಿದ್ದು ಇದೇ ಊರಿನಲ್ಲಿಯೇ.