ಬೆಂಕಿಹಕ್ಕಿಯ ಚಿತ್ರಕಾರ ಒಸಾಮು ತೆಜುಕಾ

ಜಪಾನಿನಲ್ಲಿ ಚಿತ್ರಕಥೆಗಳಿಗೆ ಮಾಂಗಾ ಎಂಬ ಹೆಸರಿದೆ. ಮಾಂಗಾ ಎಂದ ಕೂಡಲೇ ಅಲ್ಲಿ ಮೊದಲು ನೆನಪಾಗುವವರು ಒಸಾಮು ತೆಜುಕಾ. ವಾಣಿಜ್ಯ ವಿಭಾಗದಲ್ಲಿ ಓದುವ ನನಗೆ ಅವರ ಚಿತ್ರಗಳಷ್ಟೇ ಅವರ ಲಾಭ ನಷ್ಟದ ಕಥೆಯೂ ಮುಖ್ಯವೆನಿಸಿತು.

ತೆಜುಕಾ 1928ರ ನವೆಂಬರ್ 3ರಂದು ಒಸಾಕಾ ಹತ್ತಿರದ ತೊಯೊನಾಕಾದಲ್ಲಿ ಹುಟ್ಟಿ, ತಕರಾಜುಕಾದಲ್ಲಿ ಬೆಳೆದರು. ಹುಳು, ಚಿಟ್ಟೆಗಳನ್ನು ಹುಡುಕಿ ಅವುಗಳ ಚಿತ್ರ ಬಿಡಿಸುವುದೆಂದರೆ ಅವರಿಗೆ ಬಹಳ ಇಷ್ಟ. ಎರಡನೇ ಮಹಾಯುದ್ಧದ ಸಮಯದಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಕಾರ್ಖಾನೆಯಲ್ಲಿ ದುಡಿಯಬೇಕಾಯಿತು. 1945ರಲ್ಲಿ ಒಸಾಕಾ ಮೇಲೆ ಬಾಂಬುಗಳು ಬಿದ್ದಾಗ ಸ್ವಲ್ಪದರಲ್ಲೇ ಬದುಕಿ ಉಳಿದರು. ಜೀವದ ಬೆಲೆ ಏನೆಂದು ಅವರ ಕಥೆಗಳೆಲ್ಲ ಕೇಳುವುದಕ್ಕೆ ಇದೇ ಕಾರಣವಿರಬೇಕು.

ಆಮೇಲೆ ಅವರು ವೈದ್ಯಕೀಯ ಓದಿದರು, ಪರೀಕ್ಷೆಯನ್ನೂ ಪಾಸು ಮಾಡಿದರು. ಆದರೆ ವೈದ್ಯರಾಗಿ ದುಡಿಯದೆ ಚಿತ್ರಕಥೆಯನ್ನೇ ಆರಿಸಿಕೊಂಡರು.

1954ರಲ್ಲಿ ಅವರು ‘ಬೆಂಕಿಹಕ್ಕಿ’ ಎಂಬ ಕಥೆ ಶುರು ಮಾಡಿದರು. ಉರಿದು ಬೂದಿಯಾಗಿ ಮತ್ತೆ ಹುಟ್ಟುವ ಹಕ್ಕಿ ಅದು. 1956ರಿಂದ ಹುಡುಗಿಯರ ಪತ್ರಿಕೆಯೊಂದಕ್ಕಾಗಿ ಅದೇ ಹಕ್ಕಿಯನ್ನು ಈಜಿಪ್ಟ್, ಗ್ರೀಸ್, ರೋಮ್ ದೇಶಗಳಿಗೆ ಹಾರಿಸಿದರು. 1967ರಲ್ಲಿ ಮತ್ತೆ ಹೊಸದಾಗಿ ಆರಂಭಿಸಿ, ಜಪಾನಿನ ಪ್ರಾಚೀನ ರಾಣಿ ಹಿಮಿಕೊ ಕಾಲದಿಂದ 3404ನೇ ಇಸವಿಯವರೆಗೆ ಕಥೆ ಹೆಣೆದರು. ಈ ಹಕ್ಕಿಯ ರಕ್ತ ಕುಡಿದವರಿಗೆ ಸಾವಿಲ್ಲ. ಅದಕ್ಕಾಗಿ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಸಾವಿಲ್ಲದವನಿಗೆ ಕೊನೆಗೆ ಸಿಗುವುದು ಒಂಟಿತನ. ನಮ್ಮ ನಾನಿ ಹೇಳುವ ಹುಮಾ ಹಕ್ಕಿಯ ನೆರಳು ಬಿದ್ದವನು ಬಾದಶಹನಾಗುತ್ತಾನೆ. ತೆಜುಕಾ ಅವರ ಹಕ್ಕಿಯಾದರೋ ಬಾದಶಹನಿಗೂ ಸಿಗದೆ ಹಾರಿಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. 1961ರಲ್ಲಿ ಅವರು ಮುಶಿ ಪ್ರೊಡಕ್ಷನ್ ಎಂಬ ಸಂಸ್ಥೆ ಕಟ್ಟಿದರು. ಅಲ್ಲಿ ತಯಾರಾದ ‘ಆಟಂ’ ಎಂಬ ರೋಬೋ ಹುಡುಗನ ಕಾರ್ಟೂನ್ 1963ರ ಜನವರಿ 1ರಂದು ಟಿವಿಗೆ ಬಂತು. ಪ್ರತಿ ಕಂತನ್ನೂ ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ ಕೊಟ್ಟಿದ್ದರು. ಆಟಂನ ಚಿತ್ರ ಬಳಸುವ ಆಟಿಕೆ, ಚಾಕೊಲೇಟ್ ಕಂಪನಿಗಳ ಹಣದಿಂದ ನಷ್ಟ ತುಂಬಿಸಬೇಕಿತ್ತು. ಈ ದಾರಿ ಬಹಳ ಕಾಲ ನಡೆಯಲಿಲ್ಲ. 1973ರಲ್ಲಿ ಮುಶಿ ದಿವಾಳಿಯಾಯಿತು.

ಆದರೆ ಅದೇ ವರ್ಷ ‘ಬ್ಲ್ಯಾಕ್ ಜ್ಯಾಕ್’ ಎಂಬ ವೈದ್ಯನ ಕಥೆ ಬರೆದು ಅವರು ಮತ್ತೆ ಎದ್ದು ನಿಂತರು. ಹಿಂದೆ ಓದಿದ್ದ ವೈದ್ಯಕೀಯ ಇಲ್ಲಿ ಕೈ ಹಿಡಿಯಿತು. ನಮ್ಮ ದೇಶದ ಗೌತಮ ಬುದ್ಧನ ಜೀವನವನ್ನು 1972ರಿಂದ 1983ರವರೆಗೆ ಚಿತ್ರಕಥೆಯಾಗಿ ಬರೆದವರೂ ಇವರೇ.

1989ರ ಫೆಬ್ರವರಿ 9ರಂದು, 60ನೇ ವಯಸ್ಸಿನಲ್ಲಿ, ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. ಆಸ್ಪತ್ರೆಯ ಹಾಸಿಗೆಯಲ್ಲೂ ಚಿತ್ರ ಬಿಡಿಸುತ್ತಿದ್ದರು. ಬೆಂಕಿಹಕ್ಕಿ ಪೂರ್ತಿಯಾಗಲಿಲ್ಲ.

ಚಿತ್ರ ಬಿಡಿಸಿದರೆ ಹೊಟ್ಟೆ ತುಂಬುತ್ತದೆಯೇ ಎಂದು ನಮ್ಮ ಮನೆಗಳಲ್ಲಿ ಕೇಳುತ್ತಾರೆ. ನನ್ನ ಅಬ್ಬಾ ಕೂಡ ಕೇಳಿದ್ದಾರೆ. ಅದು ತಪ್ಪು ಪ್ರಶ್ನೆಯಲ್ಲ, ಮುಶಿಯ ಲೆಕ್ಕಪುಸ್ತಕವೂ ಅದನ್ನೇ ಕೇಳಿತು. ಅದಕ್ಕೇ ನಾನು ಅಕೌಂಟೆನ್ಸಿ ಚೆನ್ನಾಗಿ ಕಲಿಯುತ್ತೇನೆ. ಚಿತ್ರ ಬಿಡಿಸುವುದನ್ನೂ ಬಿಡುವುದಿಲ್ಲ.