ಈಜುಕೊಳ ಹಸಿರಾದರೆ ಬ್ಲೀಚಿಂಗ್ ಪೌಡರ್ ಸುರಿದರೆ ಸಾಕೇ? ಪಿಎಚ್ ಅಳತೆ ಕೊಟ್ಟ ಸೋರೆನ್ಸನ್ ಅವರ ಬದುಕು ಹೇಳುವುದೇನು?

ಈಜುಕೊಳದ ನೀರು ಹಸಿರಾದರೆ ಬ್ಲೀಚಿಂಗ್ ಪೌಡರ್ ಸುರಿಯಿರಿ, ಹೋಗದಿದ್ದರೆ ಇನ್ನಷ್ಟು ಸುರಿಯಿರಿ. ಬೇಸಿಗೆ ಬಂತೆಂದರೆ ಇಂಥ ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತವೆ. ಇದು ಅರ್ಧ ಮಾತ್ರ ಸರಿ. ಪಾಚಿಯನ್ನು ಕೊಲ್ಲುವುದು ಕ್ಲೋರಿನ್ ಎಂಬುದು ನಿಜ. ಆದರೆ ಹಾಕಿದ ಕ್ಲೋರಿನ್ ಎಷ್ಟು ಕೆಲಸ ಮಾಡುತ್ತದೆ ಎಂಬುದು ನೀರಿನ ಪಿಎಚ್ ಮೇಲೆ ನಿಂತಿದೆ.

ಬ್ಯಾಡಗಿ, ರಾಣೆಬೆನ್ನೂರು ಕಡೆಯ ರೈತರಿಗೆ ಈ ಅಳತೆ ಹೊಸದಲ್ಲ. ಮಣ್ಣು ಪರೀಕ್ಷೆಯ ವರದಿಯಲ್ಲಿ ಬರುವ ರಸಸಾರವೇ ಪಿಎಚ್. ಇದನ್ನು ಜಗತ್ತಿಗೆ ಕೊಟ್ಟವರು ಡೆನ್ಮಾರ್ಕಿನ ಒಬ್ಬ ರೈತನ ಮಗ, ಸೋರೆನ್ ಪೀಟರ್ ಲೌರಿಟ್ಜ್ ಸೋರೆನ್ಸನ್.

ವೈದ್ಯನಾಗಲು ಹೊರಟವರು

ಸೋರೆನ್ಸನ್ ಹುಟ್ಟಿದ್ದು 1868ರ ಜನವರಿ 9ರಂದು, ಹಾವ್ರೆಬ್ಯರ್ಗ್ ಎಂಬ ಊರಿನಲ್ಲಿ. ವೈದ್ಯನಾಗಬೇಕೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿದ ಅವರು ಅಲ್ಲಿ ರಸಾಯನಶಾಸ್ತ್ರದ ಕಡೆಗೆ ತಿರುಗಿದರು. 1899ರಲ್ಲಿ ಡಾಕ್ಟರೇಟ್ ಪಡೆದರು. 1901ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಭಾಗದ ಮುಖ್ಯಸ್ಥರಾದರು.

ಬಿಯರ್ ತಯಾರಕ ಜೆ.ಸಿ. ಜೇಕಬ್ಸನ್ 1875ರಲ್ಲಿ ಕಟ್ಟಿದ ಪ್ರಯೋಗಾಲಯ ಅದು. ಅಲ್ಲಿ ಒಂದು ಅಪರೂಪದ ನಿಯಮವಿತ್ತು. ಕಂಡುಹಿಡಿದ ಮಹತ್ವದ ಯಾವ ಸಂಗತಿಯನ್ನೂ ಕಂಪನಿಯ ಗುಟ್ಟಾಗಿ ಇಟ್ಟುಕೊಳ್ಳುವಂತಿಲ್ಲ, ಎಲ್ಲವನ್ನೂ ಪ್ರಕಟಿಸಬೇಕು.

ಸೊನ್ನೆಗಳ ಕಾಟ

ಸೋರೆನ್ಸನ್ ಅಧ್ಯಯನ ಮಾಡುತ್ತಿದ್ದುದು ಕಿಣ್ವಗಳನ್ನು. ದ್ರಾವಣದ ಹುಳಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಕಿಣ್ವಗಳ ಕೆಲಸ ಏರುಪೇರಾಗುತ್ತಿತ್ತು. ಹುಳಿಗೆ ಕಾರಣ ಹೈಡ್ರೋಜನ್ ಅಯಾನುಗಳು. ಅವುಗಳ ಪ್ರಮಾಣ ತೀರಾ ಕಡಿಮೆ. ಒಂದು ಲೀಟರ್ ಶುದ್ಧ ನೀರಿನಲ್ಲಿ ಅದು 0.0000001 ಮೋಲ್. ಪ್ರತಿ ಸಲ ಇಷ್ಟು ಸೊನ್ನೆ ಬರೆದು ಹೋಲಿಸುವುದು ತಲೆನೋವಿನ ಕೆಲಸ.

1909ರಲ್ಲಿ ಅವರು ಸುಲಭ ದಾರಿ ತೋರಿಸಿದರು. ಮೇಲಿನ ಸಂಖ್ಯೆಯಲ್ಲಿ 1 ಇರುವುದು ಬಿಂದುವಿನ ನಂತರದ ಏಳನೇ ಸ್ಥಾನದಲ್ಲಿ. ಹಾಗಾಗಿ ಶುದ್ಧ ನೀರಿನ ಪಿಎಚ್ 7. ಅದಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ. ಒಂದು ಅಂಕಿಯ ವ್ಯತ್ಯಾಸ ಎಂದರೆ ಹತ್ತು ಪಟ್ಟು ವ್ಯತ್ಯಾಸ. ಪಿಎಚ್ ಅಳೆಯಲು ಅವರು ವಿದ್ಯುತ್ ವಿಧಾನದ ಜೊತೆಗೆ, ಬಣ್ಣ ಬದಲಿಸುವ ದ್ರವಗಳ ವಿಧಾನವನ್ನೂ ವ್ಯವಸ್ಥಿತವಾಗಿ ರೂಪಿಸಿದರು. ಇಂದು ಈಜುಕೊಳದ ಕಿಟ್‌ನಲ್ಲಿ ಹನಿ ಹಾಕಿ ಬಣ್ಣ ನೋಡುವುದು ಅದೇ ಬಗೆಯ ಪರೀಕ್ಷೆ.

ಪತ್ನಿ ಮಾರ್ಗರೆಥೆ ಕೂಡ ವಿಜ್ಞಾನಿ. ಪ್ರೋಟೀನುಗಳ ಅಧ್ಯಯನದಲ್ಲಿ ಇಬ್ಬರೂ ಜೊತೆಯಾಗಿ ದುಡಿದರು. ಸೋರೆನ್ಸನ್ ಅವರಿಗೆ ನೊಬೆಲ್ ಸಿಗಲಿಲ್ಲ. 1938ರವರೆಗೆ ಅದೇ ಪ್ರಯೋಗಾಲಯದಲ್ಲಿದ್ದ ಅವರು 1939ರ ಫೆಬ್ರವರಿ 12ರಂದು ತೀರಿಕೊಂಡರು.

ಪಾಚಿಗೂ ಪಿಎಚ್‌ಗೂ ಏನು ಸಂಬಂಧ?

ನೀರಿಗೆ ಹಾಕಿದ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಒಂದು ಪಾಚಿ, ರೋಗಾಣುಗಳನ್ನು ಬೇಗ ಕೊಲ್ಲುತ್ತದೆ, ಇನ್ನೊಂದು ಬಹಳ ದುರ್ಬಲ. ಪಿಎಚ್ 7.5 ಇದ್ದಾಗ ಸುಮಾರು ಅರ್ಧದಷ್ಟು ಕ್ಲೋರಿನ್ ಬಲವಾದ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಅದು ಕಾಲು ಭಾಗಕ್ಕೆ, 8.5ಕ್ಕೆ ಏರಿದರೆ ಹತ್ತರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ.

ಪಾಚಿ ಬಿಸಿಲಲ್ಲಿ ನೀರಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಪಿಎಚ್ ಏರಿಸುತ್ತದೆ. ಸುಣ್ಣದ ಅಂಶವಿರುವ ಬ್ಲೀಚಿಂಗ್ ಪೌಡರ್ ಅದನ್ನು ಮತ್ತಷ್ಟು ಏರಿಸುತ್ತದೆ. ಗಡಸು ಬೋರ್‌ವೆಲ್ ನೀರಾದರೆ ಗೋಡೆಗೆ ಬಿಳಿ ಪದರವೂ ಕಟ್ಟುತ್ತದೆ. ಚೀಲ ಚೀಲ ಪೌಡರ್ ಖಾಲಿಯಾದರೂ ಹಸಿರು ಹೋಗದಿರಲು ಇದೊಂದು ಮುಖ್ಯ ಕಾರಣ.

ಹಾಗಾದರೆ ಏನು ಮಾಡಬೇಕು?

• ಮೊದಲು ಎಲೆ, ಕಸ ತೆಗೆದು ಗೋಡೆ, ತಳವನ್ನು ಬ್ರಷ್‌ನಿಂದ ಉಜ್ಜಿ.
• ಕ್ಲೋರಿನ್ ಹಾಕುವ ಮೊದಲೇ ಪಿಎಚ್ ನೋಡಿ. ಕ್ಲೋರಿನ್ ಹೆಚ್ಚಿದ್ದಾಗ ಕಿಟ್‌ನ ಬಣ್ಣ ತಪ್ಪು ತೋರಿಸಬಹುದು.
• ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಹೆಚ್ಚಿದ್ದರೆ, ಈಜುಕೊಳಕ್ಕೆಂದೇ ಸಿಗುವ ಆಮ್ಲವನ್ನು ಪ್ಯಾಕೆಟ್ ಮೇಲಿನ ಅಳತೆಯಂತೆ, ಪಂಪ್ ಚಾಲೂ ಇಟ್ಟು ಸ್ವಲ್ಪ ಸ್ವಲ್ಪವೇ ಹಾಕಿ.
• ಆಮ್ಲ ಪೂರ್ತಿ ಬೆರೆತ ಮೇಲೆ ಮತ್ತೆ ಪಿಎಚ್ ನೋಡಿ, ಸಂಜೆ ಕ್ಲೋರಿನ್ ಹಾಕಿ. ಬಿಸಿಲಿಗೆ ಕ್ಲೋರಿನ್ ಬೇಗ ನಾಶವಾಗುತ್ತದೆ.
• ರಾತ್ರಿಯಿಡೀ ಫಿಲ್ಟರ್ ಓಡಿಸಿ. ಸತ್ತ ಪಾಚಿ ಸಿಕ್ಕಿಕೊಂಡ ಫಿಲ್ಟರನ್ನು ತೊಳೆಯಿರಿ.
• ನೀರು ತಿಳಿಯಾಗಿ, ತಳ ಸ್ಪಷ್ಟವಾಗಿ ಕಂಡು, ಕ್ಲೋರಿನ್ ಲೀಟರಿಗೆ 1ರಿಂದ 3 ಮಿಲಿಗ್ರಾಂಗೆ ಇಳಿಯುವವರೆಗೆ ಮಕ್ಕಳನ್ನು ಇಳಿಸಬೇಡಿ.

ಮೈಲುತುತ್ತ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಅದರಲ್ಲಿರುವ ತಾಮ್ರ ಪಾಚಿಯನ್ನು ಕೊಲ್ಲುತ್ತದೆ. ಆದರೆ ರೋಗಾಣುಗಳ ವಿಷಯದಲ್ಲಿ ಅದು ಕ್ಲೋರಿನ್‌ಗೆ ಬದಲಿಯಲ್ಲ. ಹೆಚ್ಚಾದರೆ ಗೋಡೆಗೆ ಕಲೆ ಬೀಳುತ್ತದೆ. ಆ ನೀರನ್ನು ಕೆರೆಗೆ ಬಿಟ್ಟರೆ ಮೀನುಗಳಿಗೆ ಅಪಾಯ.

ಎಚ್ಚರಿಕೆ: ಆಮ್ಲ ಮತ್ತು ಬ್ಲೀಚಿಂಗ್ ಪೌಡರನ್ನು ಒಂದೇ ಬಕೆಟ್‌ನಲ್ಲಿ ಎಂದೂ ಬೆರೆಸಬೇಡಿ. ಅದರಿಂದ ಏಳುವ ಕ್ಲೋರಿನ್ ಅನಿಲ ಜೀವಕ್ಕೇ ಎರವಾಗಬಹುದು. ಎರಡನ್ನೂ ಬೇರೆ ಬೇರೆ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಿ.

ಒಟ್ಟಿನಲ್ಲಿ: ಬ್ಲೀಚಿಂಗ್ ಪೌಡರ್ ಒಂದೇ ಸಾಕು ಎನ್ನುವುದು ಪೂರ್ತಿ ಸತ್ಯವಲ್ಲ. ಮೊದಲು ಪಿಎಚ್, ಆಮೇಲೆ ಕ್ಲೋರಿನ್. ಸೋರೆನ್ಸನ್ ಕೊಟ್ಟ ಅಳತೆ ಯಾರ ಗುಟ್ಟೂ ಅಲ್ಲ. ಮನೆಯಲ್ಲಿ ಈಜುಕೊಳ ಇರುವವರಿಗೆ ಈ ಕ್ರಮವನ್ನೂ, ಮೇಲಿನ ಎಚ್ಚರಿಕೆಯನ್ನೂ ಧಾರಾಳವಾಗಿ ಫಾರ್ವರ್ಡ್ ಮಾಡಿ.