ಮಾತೆ ಮರಿಯಮ್ಮನವರ ದಾಸ ಸಂತ ಜೋಸೆಫ್ ವಾಜ್

ಪ್ರತಿ ವರ್ಷ ಜನವರಿ 16ರಂದು ಧರ್ಮಸಭೆ ಸಂತ ಜೋಸೆಫ್ ವಾಜ್‌ರವರ ಹಬ್ಬವನ್ನು ಆಚರಿಸುತ್ತದೆ. ಮುಡಿಪುವಿನ ಪುಣ್ಯಕ್ಷೇತ್ರಕ್ಕೆ ಹೋಗಿ ಮೊಂಬತ್ತಿ ಹಚ್ಚಿ ಬರುವ ನಮಗೆ ಅವರು ಹೊರಗಿನವರಲ್ಲ. ನಮ್ಮ ಕರಾವಳಿಯ ಮಣ್ಣನ್ನು ಬರಿಗಾಲಿನಲ್ಲಿ ತುಳಿದವರು ಅವರು. ಆದರೆ ಅವರಿಂದ ಪವಾಡಗಳನ್ನು ಬೇಡುವಷ್ಟು ಆಸಕ್ತಿಯಿಂದ ಅವರ ದೀನತೆಯನ್ನು ನಾವು ಕಲಿತಿದ್ದೇವೆಯೇ?

ಜೋಸೆಫ್ ವಾಜ್ 1651ರ ಏಪ್ರಿಲ್ 21ರಂದು ಗೋವೆಯ ಬೆನಾವ್ಲಿಯಲ್ಲಿ ಜನಿಸಿದರು. 1676ರಲ್ಲಿ ಗುರುದೀಕ್ಷೆ ಪಡೆದರು. ಬಡವರಂತೆ ಬದುಕಬೇಕೆಂದು ಅಂದಿನಿಂದ ಪಾದರಕ್ಷೆ ತೊರೆದರು. 1677ರ ಆಗಸ್ಟ್ 5ರಂದು ಸಾಂಕ್ವಾಳ್‌ನಲ್ಲಿ ತಮ್ಮನ್ನು ಮಾತೆ ಮರಿಯಮ್ಮನವರ ದಾಸರೆಂದು ಬರೆದುಕೊಟ್ಟು ಸಹಿ ಹಾಕಿದರು. ದಾಸನಿಗೆ ಸ್ವಂತದ್ದೆಂಬುದು ಏನೂ ಇಲ್ಲ. ಅವರ ಮುಂದಿನ ಬದುಕೆಲ್ಲ ಆ ಪತ್ರಕ್ಕೆ ಬರೆದ ವಿವರಣೆಯಂತಿದೆ.

1681ರಲ್ಲಿ ಅವರನ್ನು ಕೆನರಾಕ್ಕೆ ಕಳುಹಿಸಲಾಯಿತು. ಆಗ ಇಲ್ಲಿ ಕೆಳದಿಯ ಅರಸರ ಆಳ್ವಿಕೆ. ಗುರುಗಳ ಕೊರತೆಯಿತ್ತು. ಅದಕ್ಕಿಂತ ದೊಡ್ಡ ನೋವೆಂದರೆ ಅಧಿಕಾರದ ಜಗಳ. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರ ಒಂದೆಡೆ, ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊರವರ ಅಧಿಕಾರ ಇನ್ನೊಂದೆಡೆ. ನಡುವೆ ಸಿಕ್ಕಿ ಬಳಲಿದವರು ಸಾಮಾನ್ಯ ಭಕ್ತರು. ಗೋವೆಯ ಪ್ರತಿನಿಧಿಯಾಗಿ ಬಂದ ಫಾದರ್ ವಾಜ್ ತಮ್ಮ ಪಕ್ಷವನ್ನು ಗೆಲ್ಲಿಸಲು ಹೊರಡಲಿಲ್ಲ, ಒಡೆದ ಮನಸ್ಸುಗಳನ್ನು ಕೂಡಿಸಲು ಶ್ರಮಿಸಿದರು. ಮಂಗಳೂರು, ಕಲ್ಯಾಣಪುರ, ಬಸ್ರೂರು, ಗಂಗೊಳ್ಳಿಗಳಲ್ಲಿ ಸುತ್ತಿ ಸಂಸ್ಕಾರಗಳನ್ನು ನೀಡಿದರು, ಇಗರ್ಜಿಗಳನ್ನು ಕಟ್ಟಿದರು, ಮಕ್ಕಳಿಗೆ ಪಾಠಶಾಲೆ ತೆರೆದರು. ಮುಡಿಪುವಿನಲ್ಲಿ ಅವರು ಮೊಣಕಾಲೂರಿ ಪ್ರಾರ್ಥಿಸಿದ ಕಡೆ ಬಂಡೆಯಿಂದ ನೀರು ಚಿಮ್ಮಿತೆಂಬ ನಂಬಿಕೆ ಇಂದಿಗೂ ಜೀವಂತವಾಗಿದೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಕೆಲವು ಸ್ಥಳೀಯ ಗುರುಗಳ ಜೊತೆ ಒರೆಟರಿ ಸಮುದಾಯವನ್ನು ಸೇರಿ ಅದರ ಹಿರಿಯರಾದರು. ಆದರೆ ಅವರ ಮನಸ್ಸು ಶ್ರೀಲಂಕಾದಲ್ಲಿತ್ತು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರು. ಹಿರಿಯರ ಸ್ಥಾನವನ್ನು ಬಿಟ್ಟು, ಜುವಾಂವ್ ಎಂಬ ಸೇವಕನೊಂದಿಗೆ ಕೂಲಿಯಾಳಿನ ವೇಷದಲ್ಲಿ 1687ರಲ್ಲಿ ಅವರು ಜಾಫ್ನಾ ತಲುಪಿದರು. ಕೈಯಲ್ಲಿ ಕಾಸಿಲ್ಲ, ಗುರುತಿನವರಿಲ್ಲ. ಆಮಶಂಕೆಯಿಂದ ಹಾಸಿಗೆ ಹಿಡಿದಾಗ ಒಬ್ಬ ಹೆಂಗಸು ತಂದುಕೊಟ್ಟ ಗಂಜಿಯೇ ಅವರ ಪ್ರಾಣ ಉಳಿಸಿತು. ಜನರಿಗೆ ದೇವರನ್ನು ಕೊಡಲು ಬಂದವರು ಮೊದಲು ಅನ್ಯರ ಮುಂದೆ ಕೈಚಾಚಬೇಕಾಯಿತು! ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಯಾರ ಕಣ್ಣು ಜಪಸರದ ಮೇಲೆ ನಿಲ್ಲುವುದೋ ಅವರೇ ಅಡಗಿರುವ ಕಥೋಲಿಕರು! ಹೀಗೆ ಗುರುಗಳಿಲ್ಲದ ಮಂದೆಗೆ ಗುರು ಸಿಕ್ಕಿದರು.

ಮುಂದೆ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಆರೋಪ ಹೊತ್ತು ಸೆರೆಯಾದರು. ಸೆರೆಯಲ್ಲಿ ಗೊಣಗದೆ ಸಿಂಹಳ ಭಾಷೆ ಕಲಿತರು. ನಾಡಿಗೆ ಬರಗಾಲ ಬಂದಾಗ ರಾಜ ಎರಡನೇ ವಿಮಲಧರ್ಮಸೂರ್ಯ ಕ್ರೈಸ್ತರನ್ನೂ ಪ್ರಾರ್ಥಿಸಲು ಕೇಳಿಕೊಂಡ. ಫಾದರ್ ವಾಜ್ ಬಯಲಿನಲ್ಲಿ ಪೀಠವಿಟ್ಟು, ಶಿಲುಬೆ ನಿಲ್ಲಿಸಿ ಮೊಣಕಾಲೂರಿದರು. ಮಳೆ ಸುರಿಯಿತು. ಅವರ ಸೇವೆಗೆ ಸ್ವಾತಂತ್ರ್ಯ ದೊರೆಯಿತು. 1697ರಲ್ಲಿ ಸಿಡುಬು ಹಬ್ಬಿ ಜನ ಊರು ಬಿಟ್ಟು ಓಡಿದಾಗ ಅವರೂ ಅವರ ಸಂಬಂಧಿ ಫಾದರ್ ಜೋಸೆಫ್ ಕರ್ವಾಲೊರವರೂ ಉಳಿದು, ಜಾತಿಮತ ನೋಡದೆ ರೋಗಿಗಳ ಆರೈಕೆ ಮಾಡಿದರು, ಸತ್ತವರನ್ನು ಹೂಳಿದರು.

ಅವರನ್ನು ಧರ್ಮಾಧ್ಯಕ್ಷರನ್ನಾಗಿಸುವ ಪ್ರಸ್ತಾಪ ಬಂದಾಗ ಒಪ್ಪದೆ ಸಾಮಾನ್ಯ ಗುರುವಾಗಿಯೇ ಉಳಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ನಿಧನರಾದರು. 1995ರಲ್ಲಿ ಜಗದ್ಗುರು ಎರಡನೇ ಜಾನ್ ಪೌಲ್‌ರವರು ಅವರನ್ನು ಪುನೀತರೆಂದೂ, 2015ರ ಜನವರಿ 14ರಂದು ಜಗದ್ಗುರು ಫ್ರಾನ್ಸಿಸ್‌ರವರು ಸಂತರೆಂದೂ ಘೋಷಿಸಿದರು. ಎರಡೂ ಸಮಾರಂಭಗಳು ನಡೆದದ್ದು ಕೊಲಂಬೊದಲ್ಲಿ. ಆದರೆ ಅವರ ಸಮಾಧಿ ಎಲ್ಲಿದೆಯೆಂದು ಇಂದು ಯಾರಿಗೂ ತಿಳಿದಿಲ್ಲ. ತಮಗೆಂದು ಏನನ್ನೂ ಇಟ್ಟುಕೊಳ್ಳದವರಿಗೆ ಮೂರಡಿ ಆರಡಿ ನೆಲದ ಗುರುತೂ ಉಳಿಯಲಿಲ್ಲ.

ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಆರ್ಥಿಕ ಬಲವಿದೆ, ಸಂಘಟನೆಗಳಿವೆ, ಭವ್ಯ ಕಟ್ಟಡಗಳಿವೆ. ಕಲ್ಲಿನಲ್ಲಿ ಹೆಸರು ಕೆತ್ತಿಸಿಕೊಳ್ಳುವ ಆಸೆಯೂ ಇದೆ. ಪಾಲನಾ ಪರಿಷತ್ತಿನಲ್ಲಿ ನಮ್ಮ ಮಾತು ನಡೆಯದಿದ್ದರೆ ಮುನಿಸಿಕೊಳ್ಳುತ್ತೇವೆ, ವೇದಿಕೆಯಲ್ಲಿ ಕುರ್ಚಿ ಸಿಗದಿದ್ದರೆ ಇಗರ್ಜಿಯಿಂದಲೇ ದೂರವಾಗುತ್ತೇವೆ. ಈ ಮಾತು ಗುರುಗಳಾದ ನಮಗೂ ಸಲ್ಲುತ್ತದೆ. ದೀನತೆಯೆಂದರೆ ಕೈಲಾಗದವನ ತಲೆತಗ್ಗಿಸುವಿಕೆಯಲ್ಲ. ಕೆನರಾದಲ್ಲಿ ಪಕ್ಷಕ್ಕಾಗಿ ಕಾದಾಡದ, ಜಾಫ್ನಾದಲ್ಲಿ ಗಂಜಿಗೆ ಕೈಚಾಚಿದ ಸಂತರು ಡಚ್ಚರಿಗೆ ಅಂಜಲಿಲ್ಲ, ಸಿಡುಬಿಗೂ ಅಂಜಲಿಲ್ಲ. ತನ್ನದೆಂಬುದು ಇಲ್ಲದವನಿಗೆ ಕಳೆದುಕೊಳ್ಳುವ ಭಯವೂ ಇಲ್ಲ, ಅವನನ್ನು ದೇವರೇ ನಡೆಸುತ್ತಾರೆ.

ಈ ಬಾರಿ ಮುಡಿಪುವಿಗೆ ಹೋದಾಗ ನಮ್ಮ ಬೇಡಿಕೆಗಳ ಜೊತೆಗೆ ಇದೊಂದನ್ನೂ ಕೇಳಿಕೊಳ್ಳೋಣ: ಹೆಸರಿಗಾಗಿ ಹಂಬಲಿಸದೆ ಸೇವೆ ಮಾಡುವ ಮನಸ್ಸನ್ನು ನಮಗೆ ದೊರಕಿಸಿಕೊಡಲಿ. ಸಂತ ಜೋಸೆಫ್ ವಾಜ್‌ರವರೇ, ನಮಗಾಗಿ ಪ್ರಾರ್ಥಿಸಿರಿ.